ಸೊಳ್ಳೆ ಪರದೆಗೆ ಎತ್ತಿದ ದುಡ್ಡು ನಿಜವಾಗ್ಲೂ ಮಗು ತನಕ ಹೋಗುತ್ತಾ?

ಪ್ರಶ್ನೆ: ನಮಸ್ತೆ ಸರ್. ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನಮ್ಮ ಮಗಳು ಮತ್ತೆ ಇಲ್ಲಿನ ಕನ್ನಡದ ಮಕ್ಕಳು ಒಂದಷ್ಟು ಜನ ಸೇರ್ಕೊಂಡು ಸ್ಪಾನ್ಸರ್ಡ್ ಸ್ವಿಮ್ ಮಾಡಿ ದುಡ್ಡು ಎತ್ತಿ ಆಫ್ರಿಕಾದ ಮಕ್ಕಳಿಗೆ ಸೊಳ್ಳೆ ಪರದೆ ಕೊಡ್ಸೋಣ ಅಂತ ಹೊರಟಿದಾರೆ. 2 ಸಾವಿರ ಪೌಂಡ್ ಟಾರ್ಗೆಟ್. ಈಗ ದೊಡ್ಡೋರ ಗ್ರೂಪಲ್ಲಿ ಜಗಳ ಶುರುವಾಗಿದೆ. ಒಬ್ರು ಆ ಪರದೇಲಿ ಅವರು ಮೀನು ಹಿಡೀತಾರೆ ಅಂತಾರೆ, ಇನ್ನೊಬ್ರು ನಾವೇ ಇಂಡಿಯಾದಿಂದ ಹೋಲ್‌ಸೇಲಲ್ಲಿ ತರ್ಸಿ ಕಳ್ಸಿದ್ರೆ ಚೀಪ್ ಆಗುತ್ತೆ ಅಂತಾರೆ, ವ್ಯಾಕ್ಸಿನ್ ಬಂದ್ಮೇಲೆ ಪರದೆ ಯಾಕೆ ಅಂತ ಮತ್ತೊಬ್ರು. ಊರಲ್ಲಿರೋ ನಮ್ಮತ್ತೆಯಂತೂ "ನಮ್ಮೂರಲ್ಲಿ ಸೊಳ್ಳೆ ಇಲ್ವೇನೇ?" ಅಂತ ಕೇಳಿ ಫೋನ್ ಇಟ್ರು. ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಈಜ್ಲಿ ಬಿಡಿ ಮೇಡಂ, ಧಾರಾಳವಾಗಿ ಈಜ್ಲಿ. ನಿಮ್ಮ ಮಕ್ಕಳಿಗೆ ಗೊತ್ತಿದ್ಯೋ ಇಲ್ವೋ, ಇವತ್ತು ಸೊಳ್ಳೆ ಪರದೆಗೆ ದುಡ್ಡು ಎತ್ತೋ ಸಂಸ್ಥೆಗಳಲ್ಲಿ ಹೆಚ್ಚು ಹೆಸರು ಮಾಡಿರೋ ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್ ಶುರುವಾಗಿದ್ದೇ ಈಜಿಂದ, ಅದೂ ನೀವಿರೋ ದೇಶದಲ್ಲೇ. 2003ರಲ್ಲಿ ರಾಬ್ ಮೇದರ್ ಅನ್ನೋರು ಬೆಂಕಿ ಅನಾಹುತದಲ್ಲಿ ಸುಟ್ಟುಹೋಗಿದ್ದ ಒಂದು ಪುಟ್ಟ ಮಗುವಿನ ಬಗ್ಗೆ ಟೀವೀಲಿ ನೋಡಿ, ಇಬ್ರು ಮೂರು ಜನ ಫ್ರೆಂಡ್ಸ್ ಸೇರಿ ಈಜಿ ಸ್ವಲ್ಪ ದುಡ್ಡು ಕೊಡೋಣ ಅಂತ ಹೊರಟ್ರು, ಅದು ಬೆಳೆದು ಸಾವಿರಾರು ಜನ ಈಜೋ ಹಂಗಾಯ್ತು. ಇಷ್ಟು ಜನ ಒಂದು ಮಗುಗೆ ಈಜ್ತಾರೆ ಅಂದ್ಮೇಲೆ ಇನ್ನೂ ದೊಡ್ಡದಕ್ಕೆ ಈಜಲ್ವಾ ಅಂತ ಹುಡುಕಿ ಮಲೇರಿಯಾ ಹಿಡ್ಕೊಂಡ್ರು, 2005ರಲ್ಲಿ ವರ್ಲ್ಡ್ ಸ್ವಿಮ್ ಫಾರ್ ಮಲೇರಿಯಾ ಅಂತ ದೇಶದೇಶಗಳಲ್ಲಿ ಜನ ನೀರಿಗಿಳಿದ್ರು. ಹಂಗಾಗಿ ನಿಮ್ಮ ಮಕ್ಕಳ ಐಡಿಯಾ ಸರಿಯಾದ ವಂಶದ್ದೇ. ನಿಮ್ಮ ಗ್ರೂಪಿನ ಜಗಳಕ್ಕೆ ಬರ್ತೀನಿ, ಅದರಲ್ಲಿ ಕೆಲವು ಪ್ರಶ್ನೆ ಒಳ್ಳೇವೇ ಇವೆ.

ಮೊದ್ಲು ಯಾಕೆ ಆಫ್ರಿಕಾ, ಯಾಕೆ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2023ರಲ್ಲಿ ಜಗತ್ತಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಕೇಸು, 5 ಲಕ್ಷ 97 ಸಾವಿರ ಸಾವು. ಆ ಸಾವಲ್ಲಿ ನೂರಕ್ಕೆ 95 ಆಫ್ರಿಕಾದಲ್ಲಿ, ಅಲ್ಲಿ ಸತ್ತೋರಲ್ಲಿ ಮುಕ್ಕಾಲು ಪಾಲು 5 ವರ್ಷದ ಒಳಗಿನ ಮಕ್ಕಳು. ನೈಜೀರಿಯಾ ಒಂದರಲ್ಲೇ ಜಗತ್ತಿನ ಸಾವಿನ ಮೂರರಲ್ಲೊಂದು ಪಾಲಿನ ಹತ್ತಿರ, ಆಮೇಲೆ ಕಾಂಗೋ. ಅಲ್ಲಿ ಬೆಳೆದ ದೊಡ್ಡೋರಿಗೆ ವರ್ಷವರ್ಷ ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಮೈಯಲ್ಲಿ ಒಂದು ಮಟ್ಟದ ತಡ್ಕೊಳ್ಳೋ ಶಕ್ತಿ ಬಂದಿರುತ್ತೆ, ಜ್ವರ ಬಂದ್ರೂ ಎರಡು ದಿನ ಮಲಗಿ ಎದ್ದು ಹೊಲಕ್ಕೆ ಹೋಗ್ತಾರೆ. ಹುಟ್ಟಿದ ಮಗುಗೆ ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ರಕ್ಷಣೆ ಸ್ವಲ್ಪ ಇರುತ್ತೆ, ಅದು ಕರಗಿ ತನ್ನದು ಬೆಳೆಯೋ ತನಕ ಇರೋ ಮೂರ್ನಾಲ್ಕು ವರ್ಷಾನೇ ಅಪಾಯದ ಕಾಲ. ಫಾಲ್ಸಿಪಾರಮ್ ಅನ್ನೋ ಜಾತಿ ಪರೋಪಜೀವಿ ಹೊಕ್ಕಿದ್ರೆ ಇವತ್ತು ಸಂಜೆ ಜ್ವರ ಅಂದ ಮಗು ನಾಳೆ ರಾತ್ರಿಗೆ ಫಿಟ್ಸ್ ಬಂದು, ರಕ್ತ ಇಳಿದು ಹೋಗಿಬಿಡಬಹುದು, ಆಸ್ಪತ್ರೆ ನಡ್ಕೊಂಡು ಹೋಗೋ ದೂರದಲ್ಲಿ ಇರಲ್ಲ. ಔಷಧಿ ಇದೆ, ಒಳ್ಳೇ ಔಷಧಿ ಇದೆ, ಆದ್ರೆ ಟೈಮಿಗೆ ಸಿಗ್ಬೇಕಲ್ಲ. ಅದಕ್ಕೇ ಕಚ್ಚೋಕೆ ಮುಂಚೆ ತಡೆಯೋದ್ರ ಮೇಲೆ ಇಷ್ಟು ಒತ್ತು.

ಈಗ ಪರದೆ ಅಂದ್ರೆ ನಮ್ಮಲ್ಲಿ ಬಹಳ ಜನ ಅಂದ್ಕೊಳ್ಳೋದು ಅದೊಂದು ಗೋಡೆ ಇದ್ದಂಗೆ, ಒಳಗಿರೋನಿಗೆ ಕಚ್ಚಲ್ಲ ಅಷ್ಟೇ ಅಂತ. ಇಲ್ಲೇ ಇಡೀ ವಿಷಯ ಇರೋದು, ಸ್ವಲ್ಪ ತಾಳ್ಮೆಯಿಂದ ಓದಿ. ಈ ಪರದೆಗಳ ದಾರದಲ್ಲೇ ಕೀಟನಾಶಕ ಇರುತ್ತೆ, 20 ಸಲ ಒಗೆದ್ರೂ ಕೆಲಸ ಮಾಡೋ ಹಂಗೆ. ಅಲ್ಲಿನ ಅನಾಫಿಲಿಸ್ ಹೆಣ್ಣು ಸೊಳ್ಳೆ ಹೆಚ್ಚಾಗಿ ಕಚ್ಚೋದು ಜನ ಮಲಗಿದ ಮೇಲೆ, ರಾತ್ರಿ ಹತ್ತರಿಂದ ಬೆಳಗಿನ ಜಾವದ ತನಕ. ಮಲಗಿರೋ ಮಗುವಿನ ಉಸಿರು, ಮೈವಾಸನೆ ಹಿಡ್ಕೊಂಡು ಹಾರಿ ಬರುತ್ತೆ, ಪರದೆ ಮೇಲೆ ಕೂತು ಓಡಾಡುತ್ತೆ, ಕಾಲಿಗೆ ಔಷಧಿ ಅಂಟ್ಕೊಂಡು ಸಾಯುತ್ತೆ. ಅಂದ್ರೆ ಆ ಮಗು ಅಲ್ಲಿ ಸೊಳ್ಳೆಗೆ ಎರೆ ಕೂಡ ಹೌದು! ಇನ್ನೊಂದು ಮುಖ್ಯ ವಿಷಯ, ಸೊಳ್ಳೆ ಒಬ್ಬ ಮಲೇರಿಯಾ ರೋಗಿಯ ರಕ್ತ ಕುಡಿದ ತಕ್ಷಣ ಇನ್ನೊಬ್ಬರಿಗೆ ಹರಡೋಕಾಗಲ್ಲ, ಅದರ ಹೊಟ್ಟೇಲಿ ಪರೋಪಜೀವಿ ಬಲಿತು ಎಂಜಲಿಗೆ ಬರೋಕೆ ಹತ್ತು ಹನ್ನೆರಡು ದಿನ ಬೇಕು. ಸೊಳ್ಳೆ ಆಯಸ್ಸೇ ಕಮ್ಮಿ, ಅದರ ಮಧ್ಯೆ ಎರಡು ಮೂರು ದಿನಕ್ಕೊಮ್ಮೆ ರಕ್ತಕ್ಕೆ ಬರ್ಲೇಬೇಕು, ಪ್ರತಿ ಸಲ ಬಂದಾಗ್ಲೂ ಔಷಧಿ ಪರದೆ ಎದುರಾದ್ರೆ ಹನ್ನೆರಡು ದಿನ ಬದುಕೋ ಸೊಳ್ಳೆ ಉಳಿಯೋದೇ ಅಪರೂಪ. ಸೊಳ್ಳೆ ಪೂರ್ತಿ ನಾಶ ಆಗ್ಬೇಕಿಲ್ಲ, ಮುದಿ ಸೊಳ್ಳೆ ಇಲ್ದಂಗಾದ್ರೆ ಸಾಕು.

ಇದರಿಂದಾನೇ ಒಂದೂರಲ್ಲಿ ಹೆಚ್ಚಿನ ಮನೆಗಳಿಗೆ ಪರದೆ ಬಂದ್ರೆ ಪರದೆ ಇಲ್ದೇ ಇರೋ ಮನೆ ಮಗೂಗೂ ರಕ್ಷಣೆ ಸಿಗುತ್ತೆ. ಪಶ್ಚಿಮ ಕೀನ್ಯಾದಲ್ಲಿ ವಿಕ್ಟೋರಿಯಾ ಸರೋವರದ ಹತ್ರ 1990ರ ದಶಕದ ಕೊನೇಲಿ ದೊಡ್ಡ ಟ್ರಯಲ್ ನಡೀತು, ಪರದೆ ಕೊಟ್ಟ ಊರುಗಳ ಪಕ್ಕ ಸುಮಾರು 300 ಮೀಟರ್ ಒಳಗಿದ್ದ ಪರದೆ ಇಲ್ಲದ ಮನೆಗಳಲ್ಲೂ ಮಕ್ಕಳ ಸಾವು, ರಕ್ತಹೀನತೆ ಕಮ್ಮಿಯಾಗಿದ್ದು ಕಂಡುಬಂತು. ಅದರ ಬದಲು ಈ ಊರಿಗೆ ನಾಲ್ಕು, ಆ ಊರಿಗೆ ಆರು ಅಂತ ಚೆಲ್ಲಿದ್ರೆ ಈ ಲಾಭ ಸಿಗಲ್ಲ. ನಿಮ್ಮ ಹೋಲ್‌ಸೇಲ್ ಸಾಹೇಬರಿಗೆ ನಾನು ಬೇಡ ಅನ್ನೋಕೆ ದೊಡ್ಡ ಕಾರಣ ಇದೇ. ಸಾವಿರ ಪರದೆ ಅಂದ್ರೆ ನಿಮಗೆ ದೊಡ್ಡ ಲೋಡು, ಅಲ್ಲಿ ಅದು ಮೂರ್ನಾಲ್ಕು ಹಳ್ಳಿ. ಜಿಲ್ಲೆ ಜಿಲ್ಲೆಯನ್ನೇ ಒಂದೇ ಸಲ ಮುಚ್ಚೋ ಕ್ಯಾಂಪೇನಲ್ಲಿ ನಿಮ್ಮ ಸಾವಿರ ಸೇರಿದ್ರೆ ಅದರ ಬೆಲೆಯೇ ಬೇರೆ.

ಎರಡನೇ ಕಾರಣ ಔಷಧಿದು. ಅಂಗಡೀಲಿ ಸಿಗೋ ಮಾಮೂಲಿ ಪರದೇಲಿ ಕೀಟನಾಶಕ ಇರಲ್ಲ, ಅದು ಹರಿದ ದಿನ ಸೊಳ್ಳೆಗೆ ಬಾಗಿಲು ತೆಗೆದಂಗೇ. ಔಷಧಿ ಇರೋ ಪರದೇಲೂ ಈಗ ಬೇರೆ ಬೇರೆ ತರ ಇದೆ, ಯಾಕಂದ್ರೆ ಇಷ್ಟು ವರ್ಷ ಬಳಸಿದ ಪೈರಿಥ್ರಾಯ್ಡ್ ಅನ್ನೋ ಗುಂಪಿನ ಔಷಧಿಗೆ ಆಫ್ರಿಕಾದ ಎಷ್ಟೋ ಕಡೆ ಸೊಳ್ಳೆಗಳು ಒಗ್ಗಿಹೋಗಿವೆ. ಅದಕ್ಕೆ ಪಿಬಿಓ ಅನ್ನೋ, ಸೊಳ್ಳೆಯ ಆ ತಡ್ಕೊಳ್ಳೋ ಶಕ್ತಿ ಕುಂದಿಸೋ ರಾಸಾಯನಿಕ ಸೇರಿಸಿದ ಪರದೆ ಬಂತು, ಆಮೇಲೆ ಕ್ಲೋರ್‌ಫೆನಾಪಿರ್ ಅನ್ನೋ ಎರಡನೇ ಔಷಧಿ ಸೇರಿಸಿದ್ದು ಬಂತು. ತಾಂಜಾನಿಯಾದಲ್ಲಿ ಮಾಡಿದ ಟ್ರಯಲಲ್ಲಿ ಈ ಕ್ಲೋರ್‌ಫೆನಾಪಿರ್ ಸೇರಿಸಿದ ಪರದೆ ಕೆಳಗೆ ಮಲಗಿದ ಮಕ್ಕಳಲ್ಲಿ ಎರಡು ವರ್ಷದ ಅವಧೀಲಿ ಮಲೇರಿಯಾ, ಹಳೇ ತರದ ಪರದೆಗೆ ಹೋಲಿಸಿದ್ರೆ ನೂರಕ್ಕೆ 44 ಕಮ್ಮಿ, ಬೆನಿನ್ ದೇಶದಲ್ಲೂ ಹೆಚ್ಚುಕಮ್ಮಿ ಅಷ್ಟೇ ಬಂತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸೊಳ್ಳೆ ಹಳೇ ಔಷಧಿಗೆ ಒಗ್ಗಿಹೋದ ಕಡೆ ಇದನ್ನೇ ಬಳಸಿ ಅಂತ ಗಟ್ಟಿಯಾಗಿ ಹೇಳ್ತು. ಯಾವ ಜಿಲ್ಲೆಗೆ ಯಾವುದು ಅಂತ ಅಲ್ಲಿನ ಸೊಳ್ಳೆ ಹಿಡಿದು ಟೆಸ್ಟ್ ಮಾಡಿ ನೋಡಿದೋರು ಹೇಳ್ಬೇಕು, ನಾವು ನೀವು ಆರ್ಡರ್ ಮಾಡೋ ವಿಷಯ ಅಲ್ಲ.

ಇಂಡಿಯಾದಿಂದ ತರ್ಸೋಣ ಅಂದೋರಿಗೆ ಒಂದು ಸಮಾಧಾನ ಹೇಳಿ. ತಮಿಳುನಾಡಿನ ಕರೂರು ಇದೆಯಲ್ಲ, ಬೆಡ್‌ಶೀಟಿಗೆ ಹೆಸರಾದ ಊರು, ಅಲ್ಲಿನ ಫ್ಯಾಕ್ಟರಿಗಳಿಂದ ಔಷಧಿ ಪರದೆ ಹೊರದೇಶಗಳಿಗೆ ಹೋಗುತ್ತೆ. ದೊಡ್ಡ ಸಂಸ್ಥೆಗಳು ಲಕ್ಷಗಟ್ಟಲೆ, ಕೋಟಿಗಟ್ಟಲೆ ಆರ್ಡರ್ ಹಾಕೋದ್ರಿಂದ ಅವರಿಗೆ ಒಂದು ಪರದೆ 2 ಡಾಲರ್ ಆಸುಪಾಸಲ್ಲಿ ಬೀಳುತ್ತೆ, ಹೊಸ ತರದ್ದು ಸ್ವಲ್ಪ ಜಾಸ್ತಿ. ಆ ರೇಟು ನಮಗೆ ನಿಮಗೆ ಯಾರೂ ಕೊಡಲ್ಲ, ಮೇಲೆ ಹಡಗು, ಕಸ್ಟಮ್ಸ್, ಲಾರಿ ಬೇರೆ.

ಕ್ಯಾಂಪೇನ್ ಹೆಂಗೆ ನಡೆಯುತ್ತೆ ಅಂತ ಮಕ್ಕಳಿಗೆ ಹೇಳಿ, ಅವರಿಗೆ ಇಷ್ಟ ಆಗುತ್ತೆ. ಸುಮಾರು ಮೂರು ವರ್ಷಕ್ಕೊಮ್ಮೆ, ಯಾಕಂದ್ರೆ ಪರದೆ ಆಯಸ್ಸು ಅಷ್ಟೇ, ಎಷ್ಟೋ ಕಡೆ ಎರಡೇ ವರ್ಷಕ್ಕೆ ಹರಿಯುತ್ತೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಇದ್ದಂಗೆ ಅಲ್ಲೂ ಊರಿನೋರೇ ಮನೆಮನೆಗೆ ಹೋಗಿ ಎಷ್ಟು ಜನ ಮಲಗ್ತೀರಿ ಅಂತ ಬರ್ಕೋತಾರೆ, ಇಬ್ಬರಿಗೆ ಒಂದು ಅನ್ನೋ ಲೆಕ್ಕ. ಆಮೇಲೆ ಹಡಗಲ್ಲಿ ಬಂದಿದ್ದು ಲಾರಿಗೆ, ಲಾರಿಯಿಂದ ಬೈಕಿಗೆ, ಕಾಂಗೋದ ಎಷ್ಟೋ ಕಡೆ ರಸ್ತೇನೇ ಇಲ್ಲ, ದೋಣೀಲಿ ಹೋಗುತ್ತೆ. ಪರದೆ ಕೊಳ್ಳೋದು ಈ ಕೆಲಸದಲ್ಲಿ ಸುಲಭದ ಭಾಗ ಅಂತ ನಾನು ಯಾವಾಗ್ಲೂ ಹೇಳೋದು. ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್ ಅವರು ಜನರ ದೇಣಿಗೇಲಿ ಪರದೆ ಮಾತ್ರ ಕೊಳ್ತಾರೆ, ಹಂಚೋ ಖರ್ಚು ಹೆಚ್ಚಾಗಿ ಗ್ಲೋಬಲ್ ಫಂಡ್ (ಏಡ್ಸ್, ಟಿಬಿ, ಮಲೇರಿಯಾ ತಡೆಗೆ ದುಡ್ಡು ಕೊಡೋ ಅಂತಾರಾಷ್ಟ್ರೀಯ ನಿಧಿ), ಅಲ್ಲಿನ ಸರ್ಕಾರ ಮತ್ತೆ ಬೇರೆ ಪಾಲುದಾರರದು. ಆದ್ರೆ ಹಂಚಿದ್ದಕ್ಕೆ ಲೆಕ್ಕ ಕೇಳ್ತಾರೆ. ಮನೆ ಲಿಸ್ಟನ್ನ ಇನ್ನೊಂದು ಟೀಮಿಂದ ಒಂದಷ್ಟು ಮನೇಲಿ ಮತ್ತೆ ಚೆಕ್ ಮಾಡಿಸ್ತಾರೆ, ಹಂಚಿ ತಿಂಗಳುಗಳಾದ ಮೇಲೆ ಹೇಳದೆ ಕೇಳದೆ ಆಯ್ದ ಮನೆಗಳಿಗೆ ಹೋಗಿ ಪರದೆ ಕಟ್ಟಿದೆಯಾ, ತೂತು ಎಷ್ಟು ಅಂತ ನೋಡಿಸಿ ಪಬ್ಲಿಕ್ಕಾಗಿ ಹಾಕ್ತಾರೆ. ದೇಣಿಗೆಗೆ ಸಂಸ್ಥೆ ಆರಿಸೋವಾಗ ನಾನು ನೋಡೋದು ಇದೊಂದೇ. ಎಷ್ಟು ಹಂಚಿದ್ವಿ ಅಂತ ಎಲ್ಲರೂ ಹೇಳ್ತಾರೆ, ವರ್ಷ ಆದ್ಮೇಲೆ ಎಷ್ಟು ಮಂಚದ ಮೇಲೆ ನೇತಾಡ್ತಿತ್ತು ಅಂತ ಹೇಳೋರು ಕಮ್ಮಿ. ಯಾವ ಸಂಸ್ಥೆಗಾದ್ರೂ ಕೊಡಿ, ಆ ಎರಡನೇ ನಂಬರ್ ಕೇಳಿ ಕೊಡಿ.

ಮೀನು ಹಿಡಿಯೋದು. ಸುಳ್ಳಲ್ಲ. ಟಾಂಗನ್ಯಿಕಾ ಸರೋವರ, ಮಲಾವಿ ಸರೋವರದ ದಡದಲ್ಲಿ ಪರದೆ ಬಲೆಯಾಗಿರೋದು ಇದೆ, ಸಣ್ಣ ಕಣ್ಣಿನ ಬಲೆ ಆದ್ದರಿಂದ ಮರಿಮೀನೂ ಸಿಕ್ಕಿ ಸರೋವರಕ್ಕೂ ಹಾನಿ, ಔಷಧಿ ನೀರಿಗೆ ಬೀಳೋದೂ ಒಳ್ಳೇದಲ್ಲ. ಫೋಟೋ ಚೆನ್ನಾಗಿ ಬರುತ್ತೆ ಹಂಗಾಗಿ ಸುದ್ದೀನೂ ಜಾಸ್ತಿ. ಆದ್ರೆ ಒಟ್ಟು ಚಿತ್ರ ನೋಡಿ, 2022ರಲ್ಲಿ ಸಹಾರಾ ಕೆಳಗಿನ ಆಫ್ರಿಕಾದಲ್ಲಿ ನೂರಕ್ಕೆ 56 ಜನಕ್ಕೆ ಮನೇಲಿ ಪರದೆ ಸಿಗೋ ಹಂಗಿತ್ತು, ನೂರಕ್ಕೆ 49 ಜನ ಅದರ ಕೆಳಗೆ ಮಲಗಿದ್ರು. ಅಂದ್ರೆ ಸಿಕ್ಕೋರಲ್ಲಿ ಬಹುಪಾಲು ಬಳಸ್ತಾರೆ. ದೊಡ್ಡ ಕೊರತೆ ಇರೋದು ಆ 56 ನೂರಾಗದೇ ಇರೋದ್ರಲ್ಲಿ. ಹೊಟ್ಟೆಗಿಲ್ದೇ ಇರೋ ಮನೆಯೋನು ಹರಿದ ಹಳೇ ಪರದೇಲಿ ಮೀನು ಹಿಡಿದ್ರೆ ಅವನಿಗೆ ಬುದ್ಧಿ ಹೇಳೋಕೆ ರೆಡಿಂಗಿಂದ ನಾವ್ಯಾರು ಸ್ವಾಮಿ.

ಇದರ ಬೆನ್ನಿಗೇ ಬರೋ ಇನ್ನೊಂದು ಮಾತು, ಪುಕ್ಕಟೆ ಕೊಟ್ರೆ ಬೆಲೆ ಇರಲ್ಲ, ಸ್ವಲ್ಪ ದುಡ್ಡು ಇಸ್ಕೊಳ್ಬೇಕು ಅನ್ನೋದು. ನಿಮ್ಮ ಗ್ರೂಪಲ್ಲಿ ಇನ್ನೂ ಬಂದಿಲ್ಲ ಅಂದ್ರೆ ಬರುತ್ತೆ ನೋಡ್ತಿರಿ. ಕೀನ್ಯಾದಲ್ಲಿ ಜೆಸಿಕಾ ಕೋಹೆನ್ ಮತ್ತೆ ಪಾಸ್ಕಲೀನ್ ದ್ಯುಪಾ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞೆಯರು ಇದನ್ನ ಪರೀಕ್ಷೆನೇ ಮಾಡಿ ನೋಡಿದ್ರು, 2010ರಲ್ಲಿ ಪ್ರಕಟ ಆಯ್ತು. ಬಸುರಿ ಹೆಂಗಸರಿಗೆ ಕ್ಲಿನಿಕ್ಕಲ್ಲಿ ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಸಣ್ಣ ಬೆಲೆಗೆ ಕೊಟ್ರು. ಪುಕ್ಕಟೆಯಿಂದ ಬರೀ 60 ಸೆಂಟ್‌ಗೆ ಏರಿಸಿದ್ದಕ್ಕೇ ತಗೊಳ್ಳೋರ ಪ್ರಮಾಣ 60 ಪರ್ಸೆಂಟೇಜ್ ಪಾಯಿಂಟ್ ಬಿದ್ದುಹೋಯ್ತು. ದುಡ್ಡು ಕೊಟ್ಟು ತಗೊಂಡೋರು ಪುಕ್ಕಟೆ ತಗೊಂಡೋರಿಗಿಂತ ಜಾಸ್ತಿಯೇನೂ ಬಳಸ್ಲಿಲ್ಲ. ಆ ವಾದ ಅಲ್ಲಿಗೆ ಮುಗೀಬೇಕಿತ್ತು, ಇನ್ನೂ ಮುಗಿದಿಲ್ಲ.

ನಿಮ್ಮ 2 ಸಾವಿರ ಪೌಂಡ್ ಏನು ಮಾಡುತ್ತೆ? ಪರದೆ ಲೆಕ್ಕದಲ್ಲಿ ಸಾವಿರಕ್ಕೂ ಸ್ವಲ್ಪ ಮೇಲೆ, ಒಂದು ಪರದೆಗೆ ಸರಾಸರಿ 1.8 ಜನ ಅಂತ ಹಿಡೀತಾರೆ, ಅಂದ್ರೆ ಎರಡು ಸಾವಿರದ ಹತ್ರ ಜನ, ಅವರಲ್ಲಿ ಮುನ್ನೂರರ ಆಸುಪಾಸು 5 ವರ್ಷದೊಳಗಿನ ಮಕ್ಕಳು ಇರ್ತಾರೆ ಅನ್ನಬಹುದು. ಒಂದು ಪರದೆ ಒಂದು ಜೀವ ಅಂತ ಪೋಸ್ಟರಲ್ಲಿ ಬರೀತಾರಲ್ಲ, ದಯವಿಟ್ಟು ಮಕ್ಕಳ ಪೋಸ್ಟರಲ್ಲಿ ಅದು ಬೇಡ. ದೇಣಿಗೆ ಸಂಸ್ಥೆಗಳನ್ನ ಜಾಲಾಡಿ ನೋಡೋ ಗಿವ್‌ವೆಲ್ ಅನ್ನೋ ಅಮೆರಿಕದ ಸಂಸ್ಥೆ, ಹಂಚೋ ಖರ್ಚು, ಹರಿದದ್ದು, ಕಟ್ಟದೇ ಇಟ್ಟದ್ದು, ಔಷಧಿಗೆ ಒಗ್ಗಿದ ಸೊಳ್ಳೆ ಎಲ್ಲಾ ಹಿಡಿದು ಒಂದು ಜೀವ ಉಳಿಸೋಕೆ ಸುಮಾರು 5 ಸಾವಿರ ಡಾಲರ್ ಚಿಲ್ಲರೆ ಆಗುತ್ತೆ ಅಂತ ಅಂದಾಜು ಮಾಡುತ್ತೆ, ಜಾಗದಿಂದ ಜಾಗಕ್ಕೆ ವ್ಯತ್ಯಾಸ ಇದೆ. ಆ ಲೆಕ್ಕದಲ್ಲಿ ನಿಮ್ಮ ದುಡ್ಡು ಒಂದು ಮಗುವಿನ ಜೀವದ ಅರ್ಧದಷ್ಟು. ಕೇಳೋಕೆ ವಿಚಿತ್ರ, ಅರ್ಧ ಮಗು ಅಂತ ಇರಲ್ಲ, ಪಕ್ಕದ ಊರಿನ ಕನ್ನಡ ಬಳಗದೋರೂ ಅಷ್ಟೇ ಎತ್ತಿದ್ರೆ ಇಬ್ಬರದೂ ಸೇರಿ ಒಂದು ಅಂತ ಅರ್ಥ ಮಾಡ್ಕೊಳ್ಳಿ. ಜೊತೆಗೆ ಬರದೇ ಉಳಿದ ನೂರಾರು ಜ್ವರ, ತಪ್ಪದ ಕೂಲಿ, ತಪ್ಪದ ಸ್ಕೂಲು. ಹೆಚ್ಚು ಕಡೆ ದುಡ್ಡಿಗೆ ಇಷ್ಟು ಸಿಗೋದೇ ಇಲ್ಲ, ಹಂಗಾಗಿ ಈ ಸಂಖ್ಯೆ ಹೇಳೋಕೆ ನಾಚಿಕೆ ಪಡಬೇಕಿಲ್ಲ. ಹಳೇ ಟ್ರಯಲ್‌ಗಳನ್ನೆಲ್ಲ ಒಟ್ಟು ಹಾಕಿ ನೋಡಿದೋರ ಪ್ರಕಾರ ಔಷಧಿ ಪರದೆಯಿಂದ ಮಕ್ಕಳ ಒಟ್ಟು ಸಾವೇ, ಯಾವ ಕಾರಣದ್ದಾದ್ರೂ ಸರಿ, ನೂರಕ್ಕೆ 17ರಷ್ಟು ಇಳಿಯುತ್ತೆ. 2000ದಿಂದ 2015ರ ತನಕ ಆಫ್ರಿಕಾದಲ್ಲಿ ತಪ್ಪಿದ 66 ಕೋಟಿ ಮಲೇರಿಯಾ ಕೇಸಲ್ಲಿ ಮೂರರಲ್ಲೆರಡು ಪಾಲು ಪರದೆಯಿಂದ ಅಂತ 2015ರಲ್ಲಿ ನೇಚರ್ ಪತ್ರಿಕೇಲಿ ಬಂದ ಲೆಕ್ಕ.

ಇನ್ನು ನಿಮ್ಮತ್ತೆ. ಅವರ ಪ್ರಶ್ನೆ ನಗೋ ಅಂತದ್ದಲ್ಲ. ನಮ್ಮಲ್ಲಿ ಚಳಿಜ್ವರ ಮಲೆನಾಡಿನ ಊರೂರನ್ನೇ ಖಾಲಿ ಮಾಡಿಸಿತ್ತು, ಮಂಡ್ಯದ ಕಡೆ ಕಾಲುವೆ ನೀರು ಬಂದ ಹೊಸದ್ರಲ್ಲಿ ಜೊತೇಲೇ ಮಲೇರಿಯಾನೂ ಬಂತು, ಮಂಗಳೂರಲ್ಲಿ ಕಟ್ಟಡ ಕಟ್ಟೋ ಜಾಗಗಳಲ್ಲಿ ನಿಂತ ನೀರಿಂದ ಮೊನ್ನೆ ಮೊನ್ನೆ ತನಕ ಕಾಟ ಇತ್ತು. ಆಗ ನಮಗೂ ಹೊರಗಿನ ದುಡ್ಡು ಬಂದಿತ್ತು, ಮೈಸೂರು ಸಂಸ್ಥಾನದ ಜೊತೆ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಮಲೇರಿಯಾ ಕೆಲಸ ಮಾಡಿತ್ತು, 1953ರಲ್ಲಿ ದೇಶದ ಮಲೇರಿಯಾ ಕಾರ್ಯಕ್ರಮ ಶುರುವಾದಾಗ ಡಿಡಿಟಿಗೂ ಅಮೆರಿಕದ ನೆರವು ಇತ್ತು. ಈಗ ಕರ್ನಾಟಕದಲ್ಲಿ ಮಲೇರಿಯಾ ಬಹಳ ಇಳಿದಿದೆ, ಬೇಕಾದ ಕಡೆ ಪರದೆ ಸರ್ಕಾರವೇ ಕೊಡುತ್ತೆ, ಒಡಿಶಾದಲ್ಲಂತೂ 2017ರಲ್ಲಿ ಒಂದು ಕೋಟಿಗೂ ಮೇಲೆ ಹಂಚಿ ಕೇಸು ಗಣನೀಯವಾಗಿ ಇಳಿಸಿದ್ರು. ಅತ್ತೆಯವರಿಗೆ ಇವತ್ತು ಕಾಟ ಕೊಡ್ತಿರೋದು ಬಹುಶಃ ಡೆಂಗೆ ಸೊಳ್ಳೆ, ಈಡಿಸ್, ಅದು ಹಗಲು ಕಚ್ಚುತ್ತೆ, ರಾತ್ರಿ ಪರದೆ ಅದಕ್ಕೆ ಹೆಚ್ಚು ಉಪಯೋಗಕ್ಕಿಲ್ಲ (ಮಧ್ಯಾಹ್ನ ಮಲಗೋ ಕೂಸಿಗೆ ಹಾಕಿ, ಅದು ಸರಿ), ಡ್ರಮ್ಮು, ಹೂಕುಂಡ, ಟೈರು ಒಣಗಿಸಿದ್ರೆ ಸಾಕು, ಅದಕ್ಕೆ ಲಂಡನ್ ದುಡ್ಡು ಬೇಡ. ಒಂದು ಚೋದ್ಯ ಕೇಳಿ, ನಮ್ಮ ಮಂಗಳೂರು ಪೇಟೆ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸೈ ಈಗ ಆಫ್ರಿಕಾಕ್ಕೆ ಹೋಗಿ ಕೂತಿದೆ, 2012ರಲ್ಲಿ ಜಿಬೂಟಿ, 2016ರಲ್ಲಿ ಇಥಿಯೋಪಿಯಾ. ಅದು ಪೇಟೆಯ ನೀರಿನ ಟ್ಯಾಂಕಲ್ಲೇ ಮೊಟ್ಟೆ ಇಡೋದು, ಜನ ಮಲಗೋಕೆ ಮುಂಚೆ ಸಂಜೆಗೇ ಕಚ್ಚೋದೂ ಉಂಟು. ಅಲ್ಲಿ ಪರದೆ ಒಂದರಿಂದ ಆಗಲ್ಲ, ಟ್ಯಾಂಕ್ ಮುಚ್ಚೋದು ನಮ್ಮಿಂದ ಅವರು ಕಲೀಬೇಕಾದ ಪಾಠ.

ವ್ಯಾಕ್ಸಿನ್ ಬಂದಿದೆ, ನಿಜ, ಖುಷಿ ಪಡೋ ವಿಷಯ. ಒಂದು 2021ರಲ್ಲಿ, ಇನ್ನೊಂದು 2023ರಲ್ಲಿ ಶಿಫಾರಸು ಆಯ್ತು, ಎರಡನೇದನ್ನ ತಯಾರಿಸೋದು ನಮ್ಮ ಪುಣೆಯ ಸೀರಮ್ ಇನ್ಸ್ಟಿಟ್ಯೂಟ್. ನಾಲ್ಕು ಡೋಸ್ ಬೇಕು, ರಕ್ಷಣೆ ಪೂರ್ತಿ ಅಲ್ಲ, ಕಾಲ ಕಳೆದಂಗೆ ಇಳಿಯುತ್ತೆ. ಮೊದಲನೇದನ್ನ ಘಾನಾ, ಕೀನ್ಯಾ, ಮಲಾವಿಯಲ್ಲಿ ಕೊಟ್ಟು ನೋಡಿದಾಗ ಆ ವಯಸ್ಸಿನ ಮಕ್ಕಳ ಸಾವು ನೂರಕ್ಕೆ 13 ಇಳಿದಿತ್ತು. ಪರದೆ ತೆಗೆದು ವ್ಯಾಕ್ಸಿನ್ ಅಂತಲ್ಲ, ಪರದೆ ಕಟ್ಟಿರೋ ಮನೆ ಮಗುಗೆ ವ್ಯಾಕ್ಸಿನ್ ಕೂಡ. ಅದೂ ಅಲ್ದೇ 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವು ದಿಢೀರ್ ನಿಲ್ಲಿಸಿದ ಮೇಲೆ ಮಲೇರಿಯಾ ಕೆಲಸಕ್ಕೆ ದುಡ್ಡಿನ ಬಿಕ್ಕಟ್ಟು ಜೋರಾಗಿದೆ. ನಿಮ್ಮ 2 ಸಾವಿರದಿಂದ ಆ ಗುಂಡಿ ತುಂಬಲ್ಲ, ಆದ್ರೆ ಪರದೆ ಬೇಕಾ ಅನ್ನೋ ಚರ್ಚೆಗೆ ಇದು ಕಾಲ ಅಲ್ಲ.

ಪ್ರಾಕ್ಟಿಕಲ್ ಆಗಿ ಎರಡು ಮೂರು. ಪೋಸ್ಟರಿಗೆ ನೆಟ್ಟಲ್ಲಿ ಸಿಕ್ಕ, ಕಣ್ಣೀರು ಸುರಿಸ್ತಿರೋ ಕಪ್ಪು ಮಗುವಿನ ಫೋಟೋ ಹಾಕ್ಬೇಡಿ, ಅದ್ಯಾರ ಮಗುವೋ, ಅವರಪ್ಪ ಅಮ್ಮನ್ನ ಯಾರೂ ಕೇಳಿರಲ್ಲ, ನಿಮ್ಮ ಮಕ್ಕಳದೇ ಸ್ವಿಮ್ಮಿಂಗ್ ಕ್ಯಾಪ್ ಹಾಕಿರೋ ಫೋಟೋ ಹಾಕಿ. ದುಡ್ಡನ್ನ ಒಬ್ಬರ ಅಕೌಂಟಿಗೆ ಸೇರಿಸಿ ಒಟ್ಟಿಗೆ ಕಟ್ಟೋ ಬದಲು ಪ್ರತಿಯೊಬ್ಬರೂ ಅವರವರೇ ಆನ್‌ಲೈನಲ್ಲಿ ಕೊಡೋ ಹಂಗೆ ಪೇಜ್ ಮಾಡಿ, ಯಾಕಂದ್ರೆ ಬ್ರಿಟನ್ನಲ್ಲಿ ಟ್ಯಾಕ್ಸ್ ಕಟ್ಟೋರು ಗಿಫ್ಟ್ ಏಯ್ಡ್ ಟಿಕ್ ಮಾಡಿದ್ರೆ ಒಂದು ಪೌಂಡಿಗೆ 25 ಪೆನ್ಸ್ ಸರ್ಕಾರ ಸೇರಿಸುತ್ತೆ, ಎಲ್ಲರ ದುಡ್ಡನ್ನ ನೀವು ನಿಮ್ಮ ಹೆಸರಲ್ಲಿ ಕಟ್ಟಿದ್ರೆ ಅದು ಸಿಗಲ್ಲ. ಎಲ್ಲರೂ ಟಿಕ್ ಮಾಡಿದ್ರೆ 2 ಸಾವಿರ 2,500 ಆಗುತ್ತೆ, ಹೆಚ್ಚಿಗೆ ಒಂದು ಗಜ ಈಜದೇ. ಊರಿನ ನೆಂಟರು ನಾವೂ ಕೊಡ್ತೀವಿ ಅಂದ್ರೆ ಬೇಡ ಅನ್ನಿ, ಹೊರದೇಶದ ಸಂಸ್ಥೆಗೆ ಕೊಟ್ಟಿದ್ದಕ್ಕೆ ಅಲ್ಲಿ ಇನ್‌ಕಮ್ ಟ್ಯಾಕ್ಸಿನ 80ಜಿ ವಿನಾಯ್ತಿ ಇರಲ್ಲ, ಬ್ಯಾಂಕ್ ಚಾರ್ಜೇ ಅರ್ಧ ತಿನ್ನುತ್ತೆ, ಅವರು ಅಲ್ಲೇ ಹತ್ತಿರದ ಸರ್ಕಾರಿ ಸ್ಕೂಲಿಗೋ ಆಸ್ಪತ್ರೆಗೋ ಕೊಡ್ಲಿ. ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್‌ಗೆ ದುಡ್ಡು ಕಟ್ಟಿದ್ರೆ ಅದು ಯಾವ ದೇಶದ ಯಾವ ಹಂಚಿಕೆಗೆ ಹೋಯ್ತು ಅಂತ ಮೇಲ್ ಬರುತ್ತೆ, ಆ ಹೆಸರನ್ನ ಮಕ್ಕಳ ಕೈಲಿ ಮ್ಯಾಪಲ್ಲಿ ಹುಡುಕಿಸಿ, ಮುಂದೆ ಚೆಕ್ಕಿಂಗ್ ರಿಪೋರ್ಟ್ ಬಂದಾಗ ಎಷ್ಟು ಪರದೆ ಕಟ್ಟಿತ್ತು ಅನ್ನೋ ನಂಬರನ್ನ ಅದೇ ಗ್ರೂಪಿಗೆ ಹಾಕಿ, ಮೀನಿನ ವಿಷಯ ಎತ್ತಿದೋರು ಆಗ ಏನಂತಾರೆ ನೋಡೋಣ.